‘ವೆಜ್ ಬೇರೆ’ ಎಂಬ ಮಾತನ್ನು ನಂಬಬೇಡಿ, ತವೆ ನೋಡಿ

ಕಳೆದ ಭಾನುವಾರ ಕಾರವಾರದ ಹತ್ತಿರ, ಹೆದ್ದಾರಿ 66ರ ಬದಿಯ ಹೋಟೆಲೊಂದರಲ್ಲಿ ನನ್ನ ಒಂಬತ್ತು ವರ್ಷದ ಮಗನ ಉಸಿರು ಕಟ್ಟಿತು. ಅವನಿಗೆ ಮೀನು ಅಲರ್ಜಿ. ಮನೆಯಲ್ಲಿ ನಾವೆಲ್ಲ ಮೀನು ತಿನ್ನುವವರೇ, ಅವನ ಪಾತ್ರೆಗಳೆಲ್ಲ ಬೇರೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದವಳು ಒಂದು ಮಾತಿಗೆ ಮೋಸಹೋದೆ.

ಬದನೆಕಾಯಿ ರವಾ ಫ್ರೈ ತರಿಸುವ ಮೊದಲು ಕೇಳಿದ್ದೆ. ಒಂದಲ್ಲ, ಮೂರು ಸಲ ಕೇಳಿದ್ದೆ. ಮೀನು ಹುರಿದ ತವೆ ಬೇಡ, ಆ ಎಣ್ಣೆಯೂ ಬೇಡ, ಮಗುವಿಗೆ ಆಗುವುದಿಲ್ಲ ಎಂದು ಬಿಡಿಸಿ ಹೇಳಿದ್ದೆ. ‘ವೆಜ್ ಎಲ್ಲ ಬೇರೆಯೇ ಅಕ್ಕಾ, ಹೆದರಬೇಡಿ’ ಎಂದ ಬಡಿಸುವ ಹುಡುಗ.

ಎರಡು ಹೋಳು ತಿಂದಿದ್ದನಷ್ಟೇ. ತುಟಿ ತುರಿಸುತ್ತದೆ ಎಂದ. ಕತ್ತಿನ ಮೇಲೆ ದದ್ದು ಎದ್ದಿತು. ನಾನು ಎದ್ದು ನೇರವಾಗಿ ಅಡುಗೆಮನೆಯ ಬಾಗಿಲಿಗೆ ಹೋದೆ. ಒಂದೇ ತವೆ! ಈಚೆ ಬಂಗಡೆ, ಆಚೆ ಬದನೆಕಾಯಿ, ನಡುವೆ ಅದೇ ಎಣ್ಣೆ, ಎರಡನ್ನೂ ಮಗುಚಲು ಒಂದೇ ಸಟ್ಟುಗ. ‘ಬೇರೆ ಎಂದೆಯಲ್ಲ?’ ಎಂದು ಕೂಗಿದೆ. ‘ಬೇರೆ ತಟ್ಟೆಯಲ್ಲಿಯೇ ಕೊಟ್ಟಿದ್ದೇನಲ್ಲ ಅಕ್ಕಾ’ ಎಂದ. ಬೇರೆ ತಟ್ಟೆ! ಆ ಮಾತು ಈಗಲೂ ಕಿವಿಯಲ್ಲಿದೆ.

ಆಮೇಲೆ ತಪ್ಪು ಮಾಡಿದವಳು ನಾನು. ಅಲರ್ಜಿಯ ಮಾತ್ರೆ ಸೆಟಿರಿಜಿನ್ ಕೊಟ್ಟು ಹತ್ತು ನಿಮಿಷ ಕಾದೆ. ಆ ಮಾತ್ರೆ ತುರಿಕೆ ತಗ್ಗಿಸುತ್ತದೆಯೇ ಹೊರತು ಕಟ್ಟುತ್ತಿರುವ ಗಂಟಲನ್ನು ಬಿಡಿಸುವುದಿಲ್ಲ. ಮಗನ ಧ್ವನಿ ಗೊಗ್ಗರಾದಾಗ ಆಸ್ಪತ್ರೆಗೆ ಓಡಿದೆವು. ಕಟ್ಟಿದ ಗಂಟಲು ಬಿಡಿಸುವ ಔಷಧ ಅಡ್ರಿನಾಲಿನ್ ಅನ್ನು ತೊಡೆಗೆ ಚುಚ್ಚಿದರು. ಕೆಲವು ಗಂಟೆಗಳ ನಂತರ ಮರುಕಳಿಸಬಹುದೆಂದು ರಾತ್ರಿಯಿಡೀ ಇರಿಸಿಕೊಂಡರು.

ಮರುದಿನ ಮಾಲೀಕರಿಗೆ ಫೋನ್ ಮಾಡಿದೆ. ‘ಮೀನು ಹಾಕಿಯೇ ಇಲ್ಲವಲ್ಲ ಮೇಡಂ. ಕಾದ ಎಣ್ಣೆಯಲ್ಲಿ ಎಲ್ಲ ಸುಟ್ಟುಹೋಗುತ್ತದೆ’ ಎಂದರು. ಸುಟ್ಟುಹೋಗುವುದಿಲ್ಲ! ಅಲರ್ಜಿ ತರುವ ಮುಖ್ಯ ಪ್ರೋಟೀನ್, ಪಾರ್ವಾಲ್ಬುಮಿನ್, ಹುರಿದರೂ ಕುದಿಸಿದರೂ ಉಳಿಯುತ್ತದೆ. ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ‘ಸಮುದ್ರದ ದಂಡೆಯವರಿಗೆ ಮೀನು ಆಗುವುದಿಲ್ಲವೆಂದರೆ ಯಾರು ನಂಬುತ್ತಾರೆ? ಬೇಕಾದರೆ ಬದನೆಕಾಯಿಯ ದುಡ್ಡು ವಾಪಸ್ ಕೊಡುತ್ತೇನೆ.’ ನನ್ನ ಮಗನ ಉಸಿರಿಗೆ ಬದನೆಕಾಯಿಯ ದುಡ್ಡು!

ಮೀನು ಆಗದವರು ಮನೆಯಲ್ಲಿದ್ದರೆ ವೆಜ್ ಎಂಬ ಮಾತಿಗೆ ತಲೆಯಾಡಿಸಬೇಡಿ. ತವೆ, ಎಣ್ಣೆ, ಸಟ್ಟುಗ, ಮೂರನ್ನೂ ಕಣ್ಣಾರೆ ನೋಡಿ. ಒಳಗೆ ಬಿಡದಿದ್ದರೆ ಎದ್ದು ಬನ್ನಿ. ಉಸಿರಿಗೆ ತೊಂದರೆಯಾದರೆ ಮಾತ್ರೆ ನುಂಗಿಸಿ ಕಾಯುತ್ತಾ ಕೂರಬೇಡಿ, ನನ್ನ ಹಾಗೆ.

ನಿನ್ನೆ ಅದೇ ದಾರಿಯಲ್ಲಿ ಬಂದೆ. ಹೊರಗಿನ ಫಲಕದಲ್ಲಿ ಈಗಲೂ ‘ವೆಜ್ ಪ್ರತ್ಯೇಕ’ ಎಂದೇ ಇದೆ.