‘ಡೈಲಿ ವರ್ಡ್’: ಎಂಟು ವರ್ಷ ದಿನಕ್ಕೊಂದು ಪುಟ ಓದಿದ ಮೇಲೆ

ಧಾರವಾಡದಲ್ಲಿ ಅವ್ವನಿಗೆ ಹೃದಯದ ಆಪರೇಷನ್ ಆದ ವಾರ ನಾನು ಇಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿದ್ದೆ. ರಾತ್ರಿ ನಿದ್ದೆ ಇಲ್ಲ. ದಿಂಬಿನ ಪಕ್ಕದ ಫೋನು ಸ್ವಲ್ಪ ಅಲುಗಿದರೂ ಎದೆ ಧಸಕ್ ಅನ್ನುತ್ತಿತ್ತು. ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಚೀಲದಿಂದ ಅಂಗೈ ಅಗಲದ ಒಂದು ಪತ್ರಿಕೆ ತೆಗೆದು ಕೊಟ್ಟರು. ಇವತ್ತಿನ ಪುಟ ಮಾತ್ರ ಓದು, ನಾಳೆಯದು ನಾಳೆಗಿರಲಿ ಅಂದರು. ಅದೇ ‘ಡೈಲಿ ವರ್ಡ್’. ಎಂಟು ವರ್ಷ ಆಯಿತು, ಚಂದಾ ನಿಲ್ಲಿಸಿಲ್ಲ.

ಇದನ್ನು ಹೊರತರುವುದು ಯೂನಿಟಿ ಅನ್ನುವ ಆಧ್ಯಾತ್ಮಿಕ ಸಂಸ್ಥೆ. ಚಾರ್ಲ್ಸ್ ಮತ್ತು ಮರ್ಟಲ್ ಫಿಲ್‌ಮೋರ್ ದಂಪತಿ 1889ರಲ್ಲಿ ಇದೇ ಊರಲ್ಲಿ ಅದನ್ನು ಶುರು ಮಾಡಿದರು. ಮರ್ಟಲ್ ಅವರಿಗೆ ಕ್ಷಯ ಇತ್ತು. 1886ರಲ್ಲಿ ಒಂದು ಉಪನ್ಯಾಸ ಕೇಳಿ ಬಂದವರು ‘ನಾನು ದೇವರ ಮಗು, ಕಾಯಿಲೆ ನನಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿ ಅಲ್ಲ’ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದು ದಿನಾ ಪ್ರಾರ್ಥನೆಗೆ ಕೂತರಂತೆ. ನಿಧಾನಕ್ಕೆ ಚೇತರಿಸಿಕೊಂಡೆ ಅಂತ ಅವರೇ ಹೇಳಿಕೊಂಡಿದ್ದಾರೆ. ಪತ್ರಿಕೆ ಬಂದದ್ದು ಆಮೇಲೆ, 1924ರಲ್ಲಿ.

ದಿನಕ್ಕೊಂದು ಪುಟ. ಮೇಲೆ ಒಂದು ವಿಷಯ, ಮನಸ್ಸಿನಲ್ಲಿ ಹೇಳಿಕೊಳ್ಳಲು ಒಂದು ಸಾಲು, ಸಣ್ಣ ಬರಹ, ಜೊತೆಗೆ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ. ಮನಶ್ಶಾಂತಿ, ಮಾರ್ಗದರ್ಶನ, ಸ್ವಸ್ಥತೆ, ಸಮೃದ್ಧಿ, ಲೋಕಶಾಂತಿ, ಇವು ಮತ್ತೆ ಮತ್ತೆ ಬರುತ್ತವೆ. ಓದಲು ಎರಡು ನಿಮಿಷ ಸಾಕು. ಇಂಗ್ಲಿಷ್ ಸರಳವಾಗಿದೆ. ಸ್ಪ್ಯಾನಿಷ್‌ನಲ್ಲೂ ಬರುತ್ತದೆ, ಕನ್ನಡದಲ್ಲಿ ನನಗೆ ಸಿಕ್ಕಿಲ್ಲ.

ಹಾಗಾಗಿ ಆ ಒಂದು ಸಾಲನ್ನು ನಾನೇ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತೇನೆ, ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತಿನಲ್ಲಿ. ಮೊದಮೊದಲು ‘ನಾನು ಶಾಂತವಾಗಿದ್ದೇನೆ’ ಅಂತ ಹೇಳಿಕೊಳ್ಳುತ್ತಿದ್ದೆ. ಬೆಳಗಿನ ಐದು ಗಂಟೆಗೆ, ಕೈ ನಡುಗುವಾಗ, ಅದು ಶುದ್ಧ ಸುಳ್ಳು ಅಂತ ನನಗೇ ಗೊತ್ತಾಗುತ್ತಿತ್ತು. ಒಂದು ದಿನ ಅದನ್ನೇ ‘ಶಾಂತಿ ನನ್ನೊಳಗೆ ಇದೆ’ ಅಂತ ಬದಲಾಯಿಸಿದೆ. ಮೊದಲನೆಯದು ನನ್ನ ಸ್ಥಿತಿಯ ಬಗ್ಗೆ ಹೇಳುತ್ತದೆ. ಎರಡನೆಯದು ನಾನು ನಡುಗುತ್ತಿದ್ದರೂ ನಿಜವಾಗಿರಬಹುದು, ಅಲ್ವಾ? ಯೂನಿಟಿಯವರು ಹೇಳುವುದೂ ಸುಮಾರಾಗಿ ಇದೇ. ಭಯ ಇಲ್ಲವೇ ಇಲ್ಲ ಅನ್ನಬೇಡ, ಅದಕ್ಕೆ ನಿನ್ನ ಮೇಲೆ ಅಧಿಕಾರ ಇಲ್ಲ ಅನ್ನು.

ನಾನು ಬೆಳೆದದ್ದು ಬಾಸೆಲ್ ಮಿಷನ್ ಅನ್ನುವ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯ ಕಾಲದ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ. ಭಾನುವಾರದ ಶಾಲೆಯಲ್ಲಿ ಕೇಳಿದ ಕತೆಗಳೇ ಇಲ್ಲಿ ಬೇರೆ ರೀತಿಯಲ್ಲಿ ಎದುರಾದವು. ಬಿರುಗಾಳಿಯ ಕತೆ ನೋಡಿ, ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ. ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಭಾಗದಲ್ಲಿ ತಲೆದಿಂಬಿಟ್ಟುಕೊಂಡು ಮಲಗಿದ್ದಾನೆ. ಚಿಕ್ಕವಳಿದ್ದಾಗ ಇದು ಪವಾಡ ಮಾತ್ರ. ಯೂನಿಟಿಯವರ ರೀತಿಯಲ್ಲಿ ಓದಿದರೆ ದೋಣಿ ಅಂದರೆ ನಾನು, ಅಲೆ ಅಂದರೆ ನನ್ನ ಯೋಚನೆ. ಗಾಳಿಗೆ ‘ಸುಮ್ಮನಿರು’ ಅನ್ನಬಲ್ಲವನು ಹೊರಗಿಂದ ಬರಬೇಕಿಲ್ಲ, ದೋಣಿಯಲ್ಲೇ ಇದ್ದಾನೆ. ಎಬ್ಬಿಸಬೇಕು ಅಷ್ಟೆ. ಅವ್ವ ಐಸಿಯುನಲ್ಲಿದ್ದ ರಾತ್ರಿಗಳಲ್ಲಿ ಆ ತಲೆದಿಂಬನ್ನು ಕಣ್ಣಮುಂದೆ ತಂದುಕೊಳ್ಳುತ್ತಿದ್ದೆ. ಉಸಿರು ತಾನಾಗಿಯೇ ನಿಧಾನವಾಗುತ್ತಿತ್ತು.

ಯೇಸುವಿನ ಹನ್ನೆರಡು ಮಂದಿ ಶಿಷ್ಯರನ್ನು ಚಾರ್ಲ್ಸ್ ಫಿಲ್‌ಮೋರ್ ನಮ್ಮೊಳಗಿನ ಹನ್ನೆರಡು ಶಕ್ತಿಗಳು ಅಂತ ಓದುತ್ತಾರೆ. ಪೇತ್ರ ನಂಬಿಕೆ, ಯೋಹಾನ ಪ್ರೀತಿ, ತೋಮ ತಿಳಿವಳಿಕೆ. ನನಗೆ ತುಂಬಾ ಹತ್ತಿರವಾದವನು ಯಾರೂ ಅಷ್ಟಾಗಿ ನೆನೆಸದ ತದ್ದಾಯ. ಅವನದು ಬಿಟ್ಟುಬಿಡುವ ಶಕ್ತಿ. ಹಳೆಯ ಸಿಟ್ಟು, ಬೇಡದ ಮಾತು, ಮನೆಯಲ್ಲಿ ಕೂಡಿಟ್ಟ ಸಾಮಾನು. ಬಿಡುವುದಕ್ಕೂ ಶಕ್ತಿ ಬೇಕು ಅನ್ನುವುದನ್ನು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಸೋದರಮಾವನಿಗೆ ಇದು ಒಪ್ಪಿಗೆಯಿಲ್ಲ. ಊರಿಗೆ ಹೋದಾಗ ಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಎಲ್ಲಾ ಛಲೋ ಐತಿ ಖರೆ, ಇದ್ರಾಗ ಶಿಲುಬಿ ಎಲ್ಲೈತಿ ಹೇಳವಾ?” ಅಂದರು. ಪ್ರಶ್ನೆ ದೊಡ್ಡದು. ಪಾಪ, ಪ್ರಾಯಶ್ಚಿತ್ತ, ರಕ್ಷಣೆ ಅಂತ ನಮ್ಮ ಸಭೆಗಳು ಕಲಿಸುವುದು ಇಲ್ಲಿ ಆ ಅರ್ಥದಲ್ಲಿ ಸಿಗುವುದಿಲ್ಲ. ಯೇಸು ಇಲ್ಲಿ ದಾರಿ ತೋರಿಸಿದವನು, ಕ್ರಿಸ್ತ ಅಂದರೆ ಎಲ್ಲರೊಳಗೂ ಇರುವ ದೈವತ್ವ. ಲೂಕ 17:21ರ ಒಂದೇ ಮಾತನ್ನು ನೋಡಿ. ದೇವರ ರಾಜ್ಯ ‘ನಿಮ್ಮೊಳಗೆ’ ಇದೆ ಅನ್ನುತ್ತದೆ ಹಳೆಯ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದ, ‘ನಿಮ್ಮ ನಡುವೆ’ ಅನ್ನುತ್ತವೆ ಹಲವು ಹೊಸ ಅನುವಾದಗಳು. ಯೂನಿಟಿ ಪೂರ್ತಿಯಾಗಿ ನಿಂತಿರುವುದು ‘ಒಳಗೆ’ ಅನ್ನುವುದರ ಮೇಲೆ. ನನಗೆ ಎರಡೂ ಬೇಕು. ಒಳಗೆ ಮಾತ್ರ ಅಂದುಕೊಂಡರೆ ಪಕ್ಕದ ಮನೆಯವರ ಕಷ್ಟ ಮರೆತುಹೋಗುತ್ತದೆ.

ಸೈಲೆಂಟ್ ಯೂನಿಟಿ ಅಂತ ಬಹುಕಾಲ ಕರೆಸಿಕೊಂಡ ಅವರ ಪ್ರಾರ್ಥನಾ ವಿಭಾಗ ಇದೆ. ದಿನದ 24 ಗಂಟೆಯೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ನಮ್ಮ ಕೋರಿಕೆಯನ್ನು 30 ದಿನ ಪ್ರಾರ್ಥನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಎರಡು ಸಲ ಮಾಡಿದ್ದೇನೆ. ಎರಡು ಸಲವೂ ಆ ಕಡೆಯ ದನಿ ಅವಸರ ಮಾಡಲಿಲ್ಲ, ನಿನ್ನ ಸಭೆ ಯಾವುದು ಅಂತ ಕೇಳಲಿಲ್ಲ.

ಆಪರೇಷನ್ ಆದ ಮೇಲೆ ಅವ್ವ ಮೂರು ವರ್ಷ ಚೆನ್ನಾಗಿದ್ದಳು, ಆಮೇಲೆ ಹೋದಳು. ಆ ತಿಂಗಳು ನಾನು ಒಂದು ಪುಟವನ್ನೂ ತೆರೆಯಲಿಲ್ಲ. ಅದೇ ಹೊತ್ತಿಗೆ ಪರಿಚಯದವರೊಬ್ಬರು, ಇಂಥ ಪುಸ್ತಕಗಳನ್ನು ತುಂಬಾ ಓದುವವರು, ನಮ್ಮ ಯೋಚನೆಯೇ ಕಾಯಿಲೆ ತರುತ್ತದೆ, ನೀನು ಅಷ್ಟು ಭಯಪಡಬಾರದಿತ್ತು ಅಂದುಬಿಟ್ಟರು. ಆ ಮಾತು ವರ್ಷಗಟ್ಟಲೆ ಚುಚ್ಚಿತು. ಒಳ್ಳೆಯ ಯೋಚನೆ ಮನಸ್ಸಿಗೆ ಬಲ ಕೊಡುತ್ತದೆ, ನಿಜ. ಆದರೆ ಅದನ್ನೇ ತಿರುಗಿಸಿ ನೊಂದವರ ಮೇಲೆ ತಪ್ಪು ಹೊರಿಸುವುದು ತುಂಬಾ ಕ್ರೂರ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಯೋಹಾನ 11:35. ಸತ್ತ ಗೆಳೆಯ ಲಾಜರನನ್ನು ಎಬ್ಬಿಸಲಿಕ್ಕೆಂದೇ ಬಂದ ಯೇಸು, ಏನಾಗುತ್ತದೆ ಅಂತ ಗೊತ್ತಿದ್ದವನು, ಸಮಾಧಿಗೆ ಹೋಗುವ ಮುಂಚೆ ಅತ್ತ. ಆ ವಚನವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯೊಳಗೆ ಇಟ್ಟಿದ್ದೇನೆ. ಹೊಸ ಸಂಚಿಕೆ ಬಂದಾಗಲೆಲ್ಲ ಚೀಟಿ ಅದಕ್ಕೆ ಹೋಗುತ್ತದೆ.

ಚಿಂತೆ ಜಾಸ್ತಿ ಇರುವವರಿಗೆ, ಬೆಳಗ್ಗೆ ಎದ್ದ ತಕ್ಷಣ ಫೋನಿನ ಬದಲು ಬೇರೆ ಏನಾದರೂ ಕೈಗೆ ಬೇಕು ಅನ್ನುವವರಿಗೆ ಧಾರಾಳವಾಗಿ ಕೊಡುತ್ತೇನೆ. ಕ್ರೈಸ್ತರೇ ಆಗಿರಬೇಕಿಲ್ಲ. ಸಾವಿನ ಮನೆಗೆ ಮಾತ್ರ ಒಯ್ಯುವುದಿಲ್ಲ, ಅಲ್ಲಿಗೆ ಮೊದಲು ಸಾರು ಅನ್ನ ಒಯ್ಯುತ್ತೇನೆ. ಔಷಧಿ, ಡಾಕ್ಟರು, ಕೌನ್ಸೆಲಿಂಗ್ ಬೇಕಾದವರು ಅದನ್ನು ಬಿಟ್ಟು ಇದನ್ನು ಹಿಡಿಯಬೇಡಿ. ನಾನು ಬಿಪಿ ಮಾತ್ರೆ ನುಂಗುವುದು ಆ ಪುಟ ಓದಿ ಮುಗಿಸಿದ ಮೇಲೆಯೇ, ಅದೇ ಕಾಫಿಯ ಮುಂಚೆ.