ಅವ್ವನ ಚೀಲ, ಮನೆಯ ಗುಂಪು, ಆಭಾ ಖಾತೆ: ಮೂರನ್ನೂ ಬಳಸಿ ನೋಡಿದ್ದು

ಅವ್ವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಸೇಡಂ ಕಡೆಯ ನಮ್ಮ ಹಳ್ಳಿಯಲ್ಲಿದ್ದರೆ ತಾಲ್ಲೂಕು ಆಸ್ಪತ್ರೆ, ಕಲಬುರಗಿಗೆ ಬಂದರೆ ಇಲ್ಲಿಯ ವೈದ್ಯರು, ರಕ್ತ ಪರೀಕ್ಷೆಗೆ ಮತ್ತೊಂದು ಕಡೆ. ಮೂರೂ ಕಡೆಯ ಕಾಗದಗಳನ್ನು ಒಟ್ಟುಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ವರ್ಷ ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಅವ್ವನ ಬಟ್ಟೆ ಚೀಲ. ಇದನ್ನು ಹಗುರವಾಗಿ ಕಾಣಬೇಡಿ. ನೆಟ್‌ವರ್ಕ್ ಬೇಡ, ಚಾರ್ಜ್ ಬೇಡ; ಮೇಜಿನ ಮೇಲೆ ಸುರಿದರೆ ವೈದ್ಯರು ತಮಗೆ ಬೇಕಾದ ಹಾಳೆಯನ್ನು ತಾವೇ ಎಳೆದುಕೊಳ್ಳುತ್ತಾರೆ. ಚೀಲ ಕೈಕೊಟ್ಟದ್ದು ಇಸಿಜಿಯ ವಿಷಯದಲ್ಲಿ. ಹಳೆಯ ಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದರೆ ಗುಲಾಬಿ ಚೌಕಳಿ ಮಾತ್ರ ಉಳಿದಿತ್ತು, ಹೃದಯದ ಗೆರೆ ಮಾಸಿಹೋಗಿತ್ತು. ಅದು ಶಾಖದಿಂದ ಅಚ್ಚು ಮೂಡುವ ಥರ್ಮಲ್ ಕಾಗದ. ಬಿಸಿ, ಬೆಳಕು, ಪಿವಿಸಿ ಕವರು ಮೂರೂ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಮೇ ತಿಂಗಳಲ್ಲಿ ತಗಡಿನ ಮನೆಯ ಟ್ರಂಕಿನೊಳಗೆ ಇಟ್ಟರೆ ಕೇಳಬೇಕೆ?

ಎರಡನೆಯದು ಮನೆಮಂದಿಯ ಮೊಬೈಲ್ ಗುಂಪು. ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಒಮ್ಮೆ ಮಸುಕು ಫೋಟೊದಲ್ಲಿ ಚುಕ್ಕೆ ಕಾಣದೆ, ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.4 ಇದ್ದದ್ದನ್ನು 14 ಎಂದು ಓದಿದ ತಂಗಿ ಹುಬ್ಬಳ್ಳಿಯಿಂದ ಅಳುತ್ತಲೇ ಫೋನ್ ಮಾಡಿದಳು. ಮೂರು ತಿಂಗಳ ಹಿಂದಿನ ವರದಿ ಬೇಕೆಂದರೆ ಶುಭೋದಯ, ಮದುವೆ ಪತ್ರಿಕೆಗಳ ರಾಶಿ ಕೆದಕಬೇಕು. ಅವ್ವನ ಮೂತ್ರಪರೀಕ್ಷೆಯ ಫಲಿತಾಂಶ ಸೋದರತ್ತೆಯ ಅಳಿಯನಿಗೂ ಗೊತ್ತಾಯಿತು. ಬಿಟ್ಟೆ.

ಮೂರನೆಯದು ಆಭಾ, ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಒಂದೇ ಕಡೆ ಕಾಣುವಂತೆ ಜೋಡಿಸುವ 14 ಅಂಕಿಯ ಆರೋಗ್ಯ ಖಾತೆ. 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆ, ಇದು ಬೇರೆ. ನಮ್ಮ ಓಣಿಯಲ್ಲಿ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಆರಂಭವಾದ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ ಇದು ನಡೆಯುತ್ತದೆ. ವರದಿಗಳೆಲ್ಲ ದಿಲ್ಲಿಯ ಯಾವುದೋ ಕಪಾಟು ಸೇರುತ್ತವೆ ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ, ದಾಖಲೆ ಅದು ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ಬೇರೆ ವೈದ್ಯರು ನೋಡಬೇಕಾದರೆ ಯಾವ ದಾಖಲೆ, ಎಷ್ಟು ದಿನ ಎಂದು ನಮ್ಮ ಒಪ್ಪಿಗೆ ಕೇಳುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ನೋಂದಣಿ ಕೌಂಟರ್: ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ, ಹೆಸರು, ವಯಸ್ಸು ತಾವಾಗಿಯೇ ಹೋದವು, ಟೋಕನ್ ಮೊಬೈಲಿಗೆ ಬಂತು.

ತೊಡಕೂ ನಮ್ಮ ಮನೆಯಲ್ಲೇ ಇತ್ತು. ದಾಖಲೆ ಜೋಡಿಸಲು ಮೊಬೈಲ್ ಸಂಖ್ಯೆ, ಹೆಸರು, ಹುಟ್ಟಿದ ವರ್ಷ ತಾಳೆಯಾಗಬೇಕು. ಆಧಾರ್‌ಗೆ ಜೋಡಿಸಿದ ಸಂಖ್ಯೆ ಪುಣೆಯಲ್ಲಿರುವ ಅಣ್ಣನದು. ಪ್ರತಿ ಒಟಿಪಿಗೂ ಅವನಿಗೆ ಫೋನ್. ರಕ್ತ ಪರೀಕ್ಷೆಯಲ್ಲಿ ಬರೆಸಿದ್ದು ನನ್ನ ಸಂಖ್ಯೆ. ಇನ್ನು ಹುಟ್ಟಿದ ವರ್ಷ? "1972ರ ಬರದಲ್ಲಿ ನನಗೆ ಹದಿನಾಲ್ಕಿರಬೇಕು" ಎನ್ನುತ್ತಾಳೆ ಅವ್ವ. ಆಧಾರ್‌ನಲ್ಲಿ 1955. ಎಲ್ಲ ಕಡೆ ಒಂದೇ ಸಂಖ್ಯೆ, ಒಂದೇ ವರ್ಷ ಬರೆಸಿದ ಮೇಲೆ ವರದಿಗಳು ಬಂದವು. ಖಾತೆಗೆ ಸೇರದ ಚಿಕ್ಕ ದವಾಖಾನೆಯ ಚೀಟಿಗಳನ್ನು ಮಾತ್ರ ನಾನೇ ಫೋಟೊ ತೆಗೆದು ಹಾಕಬೇಕು.

ಈಗ ರಕ್ತದ ವರದಿಗಳಿಗೆ ಆಭಾ. ಸದ್ಯ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ, ಚೀಲದೊಳಗೆ. ತುರ್ತಿನಲ್ಲಿ ಅವ್ವನ ಜೊತೆ ಯಾರಿರುತ್ತಾರೋ, ಅವರ ಮೊಬೈಲಿನಲ್ಲಿ ಏನಿರುತ್ತದೋ. ಇಸಿಜಿ ತೆಗೆಸಿದ ದಿನವೇ ಆಸ್ಪತ್ರೆಯೆದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸುತ್ತೇನೆ.