ಘಟಪ್ರಭೆ ಹಿನ್ನೀರಿಗೆ ಯಾವುದು ಸರಿ: ಗಾಳಿ ಕಯಾಕಾ, ಗಟ್ಟಿ ಕಯಾಕಾ, ಹರಿಗೋಲಾ?

ಬಾಗಲಕೋಟೆಯಿಂದ ಬೀಳಗಿ ಕಡೆ ಹೊರಟರೆ ಅನಗವಾಡಿ ಸೇತುವೆ ಕೆಳಗೆ ಅಗಲಕ್ಕೆ ಹರಡಿಕೊಂಡ ಘಟಪ್ರಭೆ ಕಾಣುತ್ತದೆ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟು ತುಂಬಿದಾಗ ನೀರು ಹಿಂದಕ್ಕೆ ಒತ್ತಿ ಬಂದು ಅಕ್ಕಪಕ್ಕದ ಹಳ್ಳಗಳ ಬಾಯೊಳಗೂ ಸೇರಿಕೊಳ್ಳುತ್ತದೆ. ನನಗೆ ಹುಚ್ಚು ಹಿಡಿಸಿದ್ದು ಈ ಹಳ್ಳಗಳೇ. ಕಳೆದ ಚಳಿಗಾಲದಲ್ಲಿ ಮೂರೂ ಬಗೆಯಲ್ಲಿ ಹೋಗಿ ನೋಡಿದೆ.

ಮೊದಲು ಗಾಳಿ ತುಂಬುವ ಕಯಾಕ್ (ಕೂತು ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ). ಮಡಚಿದರೆ ಒಂದು ಚೀಲ, ಬೈಕ್ ಹಿಂದೆ ಕಟ್ಟಿಕೊಂಡು ಹೋಗಬಹುದು. ಪಂಪ್ ಹೊಡೆಯೋಕೆ ಹತ್ತು ನಿಮಿಷ ಸಾಕು. ಅಲ್ಲಿಗೆ ಅದರ ಸುಖ ಮುಗಿಯಿತು. ಇಲ್ಲಿ ನೀರಿನಡಿ ಮುಳುಗಿರುವುದು ಹಳೆಯ ಹೊಲ, ಬದು, ಬದುವಿನ ಮೇಲಿನ ಜಾಲಿ ಗಿಡ. ಎರಡನೇ ದಿನವೇ ಬಲಗಡೆಯಿಂದ ಸುಯ್ಯ್ ಅಂತ ಸದ್ದು ಬಂತು. ನೋಡಿದರೆ ಬೆರಳುದ್ದದ ಜಾಲಿ ಮುಳ್ಳು, ಬುಡದವರೆಗೂ ಒಳಗೆ ಹೋಗಿತ್ತು. ಅದನ್ನು ಕೀಳದೆ ಹೆಬ್ಬೆರಳಿಂದ ಸುತ್ತ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಹುಟ್ಟು ಹಾಕುತ್ತ ದಡ ಸೇರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಇನ್ನೊಂದು ವಿಷಯ: ಬೆಳಿಗ್ಗೆ ಬಿಗಿಯಾಗಿ ಗಾಳಿ ತುಂಬಿ ಬಿಸಿಲಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು, ಸ್ವಲ್ಪ ಗಾಳಿ ಬಿಡಲೇಬೇಕು.

ಗೆಳೆಯನೊಬ್ಬ ಬೆಳಗಾವಿಯಿಂದ ತಂದ ಗಟ್ಟಿ ಪ್ಲಾಸ್ಟಿಕ್ ಕಯಾಕ್ ನದಿ ನಡುವೆ ನಿಜಕ್ಕೂ ಚೆನ್ನ. ಮಧ್ಯಾಹ್ನ ಗಾಳಿ ಎದ್ದು ಅಲೆ ಹೊಡೆದರೂ ನೇರ ಹೋಗುತ್ತದೆ, ಗಾಳಿ ಕಯಾಕ್ ಹಾಗೆ ಮೂತಿ ತಿರುಗಿಸಿಕೊಂಡು ಅಡ್ಡ ನಿಲ್ಲುವುದಿಲ್ಲ. ಮುಳ್ಳಿನ ಚಿಂತೆಯೂ ಇಲ್ಲ. ಆದರೆ ಇಳಿಸುವುದು, ಹತ್ತಿಸುವುದು ದೊಡ್ಡ ಕೆಲಸ. ದಡವೆಲ್ಲ ಎರೆ ಮಣ್ಣು. ಮೊಣಕಾಲ ತನಕ ಹೂತುಕೊಂಡು ಆ ಭಾರ ಎಳೆಯೋಕೆ ಇಬ್ಬರು ಬೇಕೇ ಬೇಕು. ಹಳ್ಳದೊಳಗೆ ಕಲ್ಲಿಗೆ ತಾಗಿದರೆ ದಡ್ ಅಂತ ಸದ್ದಾಗಿ ಕೊಕ್ಕರೆ, ನೀರುಕಾಗೆ ಎಲ್ಲ ಎದ್ದು ಹೋಗುತ್ತವೆ.

ಕೊನೆಗೆ ಹತ್ತಿದ್ದು ಮೀನು ಹಿಡಿಯುವ ಒಬ್ಬ ಹಿರಿಯರ ಹರಿಗೋಲು. ದಡಕ್ಕೆ ಬಂದಾಗ ಅವರು ಅದನ್ನು ಛತ್ರಿ ಹಾಗೆ ತಲೆ ಮೇಲೆ ಕವುಚಿಕೊಂಡು ಒಬ್ಬರೇ ಕೆಸರು ದಾಟಿ ನಡೆದು ಬಂದರು! ಒಂದೇ ಹುಟ್ಟು. ನಾನು ಹಾಕಿದರೆ ನಿಂತಲ್ಲೇ ಗಿರಗಿರ ತಿರುಗಿತು, ಪಕ್ಕಕ್ಕೆ ಹಾಕದೆ ಮುಂದೆ ಚಾಚಿ ನಿಮ್ಮ ಕಡೆಗೆ ಎಳೆದುಕೊಳ್ಳಿ ಅಂತ ಅವರೇ ತೋರಿಸಿಕೊಟ್ಟರು. ಗೇಣು ನೀರಿದ್ದರೂ ತೇಲುತ್ತದೆ, ಸದ್ದೇ ಇಲ್ಲ. ಕಪ್ಪು ಬಿಳಿ ಮಿಂಚುಳ್ಳಿಯೊಂದು ನಮ್ಮ ಮುಂದೆಯೇ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದ ಹಾಗೆ ನೀರಿಗೆ ಬಿತ್ತು. ಅಷ್ಟು ಹತ್ತಿರದಿಂದ ಅದನ್ನು ನಾನು ಹಿಂದೆ ಯಾವತ್ತೂ ನೋಡಿರಲಿಲ್ಲ.

ಹಾಗಾಗಿ ದುಡ್ಡು ಹಾಕಿ ಕೊಳ್ಳುವವರಿಗೆ ಗಟ್ಟಿ ಕಯಾಕೇ ಸರಿ, ಗಾಡಿ ಮತ್ತು ಜೊತೆಗೊಬ್ಬರು ಇದ್ದರೆ. ಹಳ್ಳ ನೋಡುವ ಆಸೆ ಇದ್ದರೆ ಏನೂ ಕೊಳ್ಳಬೇಡಿ, ಅಂಬಿಗರನ್ನು ಕೇಳಿ, ಕೂಲಿ ಕೊಟ್ಟು ಹರಿಗೋಲು ಹತ್ತಿ. ಗಾಳಿ ಕಯಾಕ್ ಈ ನೀರಿಗೆ ಬೇಡ. ಯಾವುದರಲ್ಲಿ ಹೋದರೂ ಲೈಫ್ ಜಾಕೆಟ್ ಬಿಡಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅದರ ಹಿನ್ನೀರೇ ಇದು ಅಲ್ವಾ, ಹಾಗಾಗಿ ಇಳಿಯುವ ಮೊದಲು ಆ ಜಾಗದ ಬಗ್ಗೆ ಊರವರನ್ನು ವಿಚಾರಿಸಿ. ನವೆಂಬರ್‌ನಿಂದ ಜನವರಿ ಒಳಗೆ ಹೋಗಿ, ಆಮೇಲೆ ನೀರು ಇಳಿದು ಹಳ್ಳದ ಬಾಯಲ್ಲಿ ಬರೀ ಕೆಸರು ಉಳಿಯುತ್ತದೆ.